ಕಣ್ಣಂಚಿನ ನರೆ

ಮುಂಬಯಿಯ ಮಹಾಲಕ್ಷ್ಮಿ ರೇಸ್‌ಕೋರ್ಸಿನ ಪ್ಯಾಡಕ್ಕಿನ ಕಟಕಟೆಗೆ ಒರಗಿ ನಾನು ಆ ಹೆಣ್ಣುಕುದುರೆಯನ್ನು ಮೊದಲ ಸಲ ನೋಡಿದಾಗ ಅದಕ್ಕೆ ಎರಡು ವರ್ಷ ತುಂಬಿತ್ತಷ್ಟೆ. ನೀರು ಚೆಲ್ಲಿದ ಕಡಪಾ ಕಲ್ಲಿನ ಬಣ್ಣ. ಮರುವರ್ಷದ ಚಳಿಗಾಲಕ್ಕೆ ಮೈತುಂಬ ನಾಣ್ಯ ಹರವಿದಂತೆ ಬೂದು ಬಿಲ್ಲೆಗಳು ಎದ್ದಿದ್ದವು, ಮುಖ ಮಾಸಿತ್ತು. ಐದನೆಯ ವಯಸ್ಸಿನಲ್ಲಿ ಸೈಸ್ ಅದನ್ನು ನಡೆಸಿಕೊಂಡು ಬಂದಾಗ ಅದು ಅವಲಕ್ಕಿಯ ಬಿಳುಪಿಗೆ ತಿರುಗಿತ್ತು. ಮಂಡಿಯ ಕೆಳಗೆ ಮತ್ತು ಬಾಲದ ಒಳಮಗ್ಗುಲಲ್ಲಿ ಮಾತ್ರ ಹಳೆಯ ಕಪ್ಪು ಉಳಿದಿತ್ತು. ಪಕ್ಕದಲ್ಲಿ ನಿಂತಿದ್ದ, ಫೋರ್ಟಿನಲ್ಲಿ ಬಹುಕಾಲ ಹೋಟೆಲು ನಡೆಸಿದ ಕುಂದಾಪುರದ ಹಿರಿಯರು ಒಪ್ಪಲೇ ಇಲ್ಲ. “ಆ ಕುದುರೆ ಇದಲ್ಲ ಮಾರಾಯ್ರೆ, ಹೆಸರು ಒಂದೇ ಇರ್ಬೇಕು” ಎಂದರು.

ಮನೆಯಲ್ಲಿದ್ದ ಹಳೆಯ ರೇಸ್ ಪುಸ್ತಕವನ್ನು ಮುಂದಿನ ಭಾನುವಾರ ತಂದು ತೋರಿಸಿದೆ. ಕುದುರೆಯ ಹೆಸರಿನ ಬದಿಗೆ ವಯಸ್ಸು, ಬಣ್ಣ, ಲಿಂಗ, ತಂದೆತಾಯಿಯ ಹೆಸರು ಅಚ್ಚಾಗಿರುತ್ತವೆ. ಕಡಪಾ ಕಲ್ಲಿನ ಬಣ್ಣದ ಆ ಎರಡು ವರ್ಷದ ಮರಿಯ ಮುಂದೆ ಆಗಲೇ ‘ಜಿಆರ್’ ಎಂದಿತ್ತು. ಗ್ರೇ, ಬೂದು ಎಂದರ್ಥ. ಹಿರಿಯರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿ ಕೇಳಿದರು: “ಕಪ್ಪಗಿದ್ದದ್ದನ್ನು ಬೂದು ಅಂತ ಬರೆದವನಿಗೆ ಇದು ಬಿಳಿ ಆಗ್ತದೆ ಅಂತ ಹೇಗೆ ಗೊತ್ತಾಯ್ತು?”

ಈ ಬರಹ ಅವರ ಆ ಪ್ರಶ್ನೆಗೆ ಉತ್ತರ. ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಅಮೆರಿಕದಲ್ಲಿ, ಅಪಲೂಸಾ ಎಂಬ ಚುಕ್ಕೆಯ ಕುದುರೆ ಸಾಕುವವರೂ ಪ್ರತಿ ವಸಂತದಲ್ಲಿ ಇದೇ ಪ್ರಶ್ನೆ ಕೇಳುತ್ತಾರೆ, ಇನ್ನೂ ಕಠಿಣ ರೂಪದಲ್ಲಿ: ಒಂದೇ ಬಣ್ಣದಲ್ಲಿ ಹುಟ್ಟಿದ ಈ ಮರಿಗೆ ಮುಂದೆ ಚುಕ್ಕೆ ಬಂದೀತೇ? ಎರಡಕ್ಕೂ ಉತ್ತರ ಹುಡುಕುವ ದಾರಿ ಒಂದೇ. ಹುಟ್ಟುಗೂದಲನ್ನು ನಂಬಬಾರದು. ಚರ್ಮ, ಕಣ್ಣಂಚು, ಗೊರಸು, ತಂದೆತಾಯಿ, ಇವನ್ನು ನೋಡಬೇಕು. ಈ ಸಾಲಿನಲ್ಲಿ ಕೂದಲಿನ ಸಾಕ್ಷಿ ಕಟ್ಟಕಡೆಯದು.

ಮೊದಲು ನಮ್ಮೂರಿನ ಬೂದು ಕುದುರೆ. ಬೂದು ಎನ್ನುವುದು ಕಂದು, ಕೆಂಪು, ಕಪ್ಪುಗಳ ಸಾಲಿಗೆ ಸೇರುವ ಬಣ್ಣವಲ್ಲ, ಅದೊಂದು ಕ್ರಿಯೆ. ಮನುಷ್ಯರ ಕೂದಲಿಗೆ ಆಗುವುದನ್ನು ಹೇಳಲು ಕನ್ನಡದಲ್ಲಿ ಚೆಂದದ ಪದವಿದೆ, ನರೆ. ಬೂದು ಕುದುರೆಗೆ ಆಗುವುದೂ ನರೆಯೇ, ವ್ಯತ್ಯಾಸವೆಂದರೆ ಅದು ಮುಪ್ಪಿನಲ್ಲಿ ಬರುವುದಿಲ್ಲ, ಮರಿಯಾಗಿದ್ದಾಗಲೇ ಶುರುವಾಗುತ್ತದೆ. ಈ ಕುದುರೆ ಹುಟ್ಟುವಾಗ ಕಪ್ಪೋ, ಕಂದೋ, ಕೆಂಪೋ ಆಗಿರುತ್ತದೆ. ಪ್ರತಿ ಸಲ ಕೂದಲು ಉದುರಿ ಹೊಸದು ಬಂದಾಗ ಅದರಲ್ಲಿ ಬಿಳಿಯ ಪಾಲು ಏರುತ್ತದೆ. ಆರೆಂಟು ವರ್ಷದ ಹೊತ್ತಿಗೆ ಮೈಯೆಲ್ಲ ಬೆಳ್ಳಗಾದರೂ ಒಳಗಿನ ಚರ್ಮ ಕಡೆಯವರೆಗೂ ಕಪ್ಪಾಗಿಯೇ ಉಳಿಯುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವಂತೆ, ಮುಂಬಯಿಯ ಉಪನಗರಗಳಲ್ಲಿ ಮದುವೆಯ ಬರಾತಿಗೆ ಬರುವ ಬಿಳಿ ಕುದುರೆಗಳೂ ಎಲ್ಲ ಒಂದೇ ಅಲ್ಲ. ಮೂತಿಯ ಸುತ್ತ, ಕಣ್ಣಿನ ಸುತ್ತ ಚರ್ಮ ಗುಲಾಬಿಯಾಗಿದ್ದರೆ ಅದು ಹುಟ್ಟಿನಿಂದಲೇ ಬಿಳಿ, ಕುದುರೆಯವರು ನುಕ್ರಾ ಎನ್ನುವ ಬಗೆ. ಚರ್ಮ ಮಸಿಯಂತಿದ್ದರೆ ಒಂದು ಕಾಲಕ್ಕೆ ಕಪ್ಪೋ ಕಂದೋ ಆಗಿದ್ದು ನರೆತದ್ದು. ಹಿಂದೂಸ್ತಾನಿಯಲ್ಲಿ ಇಂಥ ಬೂದು ಕುದುರೆಗೆ ಸಬ್ಜಾ ಎಂಬ ಬೇರೆ ಹೆಸರೇ ಇತ್ತು. ಕಪ್ಪು ಮೈಯಲ್ಲಿ ಬಿಳಿ ಬೆರೆಯಲು ಶುರುವಾದ ಹರೆಯದ ಕುದುರೆ ಉಕ್ಕಿನ ನೀಲಿಗೆ ಹೊಳೆಯುತ್ತದೆ. ಹಳೆಯ ಕಥೆಗಳ ‘ನೀಲಿ ಕುದುರೆ’ಗಳನ್ನು ಕವಿಗಳ ಕಲ್ಪನೆಯೆಂದು ತಳ್ಳಿಹಾಕುವ ಮೊದಲು ಮೂರು ವರ್ಷದ ಒಂದು ಸಬ್ಜಾವನ್ನು ಬೆಳಗಿನ ಬಿಸಿಲಿನಲ್ಲಿ ನೋಡಬೇಕು.

ಮಹಾಲಕ್ಷ್ಮಿಯಲ್ಲಿ ಮರಿಗಳು ಹುಟ್ಟುವುದಿಲ್ಲ. ಅವು ಪುಣೆಯ ಸುತ್ತಲಿನ ಸ್ಟಡ್ ಫಾರ್ಮುಗಳಲ್ಲಿ, ನಮ್ಮ ಕುಣಿಗಲ್ಲಿನಲ್ಲಿ, ದೇಶದ ಬೇರೆ ಕಡೆಗಳಲ್ಲಿ ಹುಟ್ಟಿ, ಎರಡು ವರ್ಷ ತುಂಬುವ ಹೊತ್ತಿಗೆ ಇಲ್ಲಿಗೆ ಬರುತ್ತವೆ. ಹಾಗಾಗಿ ಮುಂಬಯಿಯ ನಾವು ನರೆಯ ನಡುಭಾಗವನ್ನು ಮಾತ್ರ ನೋಡುತ್ತೇವೆ. ಮೊದಲ ಪುಟ ತೆರೆಯುವುದು ಹುಲ್ಲು ಹಾಸಿದ ಲಾಯದಲ್ಲಿ, ಹೆಚ್ಚಾಗಿ ನಡುರಾತ್ರಿ. ಮರಿ ಒದ್ದೆ ಮೈಯಲ್ಲಿ ಎದ್ದುನಿಲ್ಲಲು ಹೆಣಗುತ್ತಿರುವಾಗಲೇ ಅನುಭವಿ ಲಾಯದವನು ಟಾರ್ಚು ಹಿಡಿದು ಮೂರು ಜಾಗ ನೋಡುತ್ತಾನೆ.

ಒಂದು, ಕಣ್ಣಿನ ಸುತ್ತ. ರೆಪ್ಪೆಯ ಮೇಲೆ, ರೆಪ್ಪೆಯ ಬುಡದಲ್ಲಿ ಕೆಲವೇ ಕೆಲವು ಬಿಳಿ ಕೂದಲಿದ್ದರೂ ಸಾಕು, ನರೆಯ ಗುರುತು ಸಿಕ್ಕಂತೆ. ಕೆಲವು ಮರಿಗಳಲ್ಲಿ ಇದು ಹುಟ್ಟುವಾಗಲೇ ಕಾಣುತ್ತದೆ, ಹಲವದರಲ್ಲಿ ಮೂರು ನಾಲ್ಕು ತಿಂಗಳಿಗೆ ಹುಟ್ಟುಗೂದಲು ಉದುರಿದ ಮೇಲೆ ಕನ್ನಡಕ ಹಾಕಿದಂತೆ ಬೂದು ಉಂಗುರವಾಗಿ ಎದ್ದು ಬರುತ್ತದೆ. ಎರಡು, ಕಾಲು. ಕಂದು ಮೈ, ಕಪ್ಪು ಬಾಲದ ಸಾಮಾನ್ಯ ಕುದುರೆಯ ಕಾಲುಗಳು ಬೆಳೆದ ಮೇಲೆ ಕಪ್ಪಾದರೂ ಹುಟ್ಟುವಾಗ ಗೋಧಿಹುಲ್ಲಿನಂತೆ ಪೇಲವವಾಗಿರುತ್ತವೆ. ನರೆಯಲಿರುವ ಕಂದು ಮರಿಯಾದರೋ ಹುಟ್ಟುತ್ತಲೇ ಕಪ್ಪು ಕಾಲಿನಲ್ಲಿ ನಿಲ್ಲುತ್ತದೆ. ಮೂರು, ಬಣ್ಣದ ಗಾಢತೆ. ಇದು ಎಲ್ಲರನ್ನೂ ದಾರಿ ತಪ್ಪಿಸುವ ಜಾಗ. ಮುಂದೆ ನಿಜವಾಗಿ ಕಪ್ಪಾಗಿಯೇ ಉಳಿಯುವ ಮರಿ ಹುಟ್ಟುವಾಗ ಹೆಚ್ಚಾಗಿ ಇಲಿಬಣ್ಣದಲ್ಲಿ, ಬೂದಿ ಮೆತ್ತಿದಂತೆ ಇರುತ್ತದೆ. ಕಾಡಿಗೆಯಂತೆ ಮಿರಿಮಿರಿ ಮಿಂಚುತ್ತ ಹುಟ್ಟಿದ ಮರಿಯೇ ಮುಂದೆ ಬಿಳಿಯಾಗುವ ಸಂಭವ ಹೆಚ್ಚು. ಅಂದರೆ ಬೂದಾಗಿ ಕಂಡದ್ದು ಕಪ್ಪಾಗುತ್ತದೆ, ಕಪ್ಪಾಗಿ ಕಂಡದ್ದು ಬೂದಾಗುತ್ತದೆ. ಕಪ್ಪು ಕುದುರೆ ಬೇಕೆಂದು ಮಿಂಚುವ ಮರಿಯನ್ನು ಆರಿಸಿ, ನಾಲ್ಕು ವರ್ಷ ಕಳೆದ ಮೇಲೆ ಮೋಸಹೋದೆ ಎಂದು ಕೊರಗುವವರು ಎಲ್ಲ ದೇಶದಲ್ಲೂ ಇದ್ದಾರೆ. ಮರಿ ಯಾರನ್ನೂ ವಂಚಿಸಲಿಲ್ಲ, ಹುಟ್ಟಿದ ರಾತ್ರಿಯೇ ಕಣ್ಣಂಚಿನಲ್ಲಿ ನಿಜ ಹೇಳಿತ್ತು.

ಇವೆಲ್ಲಕ್ಕೂ ಮೊದಲು ನೋಡಬೇಕಾದದ್ದು ತಂದೆತಾಯಿ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಮಾತು ಬೂದು ಕುದುರೆಗೆ ತಾಯಿತಂದೆ ಇಬ್ಬರನ್ನೂ ಸೇರಿಸಿ ಅಕ್ಷರಶಃ ಹೊಂದುತ್ತದೆ. ತಂದೆಯೋ ತಾಯಿಯೋ ಒಬ್ಬರಾದರೂ ಬೂದಾಗಿರದೆ ಬೂದು ಮರಿ ಹುಟ್ಟುವುದಿಲ್ಲ. ಈ ಗುಣ ಒಂದು ತಲೆಮಾರು ಅಡಗಿದ್ದು ಮೊಮ್ಮಕ್ಕಳಲ್ಲಿ ಕಾಣಿಸಿಕೊಳ್ಳುವ ಜಾತಿಯದಲ್ಲ, ಇದ್ದರೆ ಕಂಡೇ ಕಾಣುತ್ತದೆ. ಒಂದು ಮರಿ ನರೆಯದೆ ಉಳಿಯಿತೋ, ಆ ಕವಲಿನಲ್ಲಿ ಬೂದು ಅಲ್ಲಿಗೆ ಕಡಿಯಿತು.

ಇದಕ್ಕೆ ಮುಂಬಯಿಯ ನಂಟಿರುವ ಒಂದು ವಂಶವೇ ಉದಾಹರಣೆಯಾಗಿ ನಿಲ್ಲುತ್ತದೆ. ಮೂರನೆಯ ಆಗಾ ಖಾನ್ ಸುಲ್ತಾನ್ ಮಹಮ್ಮದ್ ಷಾ 1877ರಲ್ಲಿ ಕರಾಚಿಯಲ್ಲಿ ಹುಟ್ಟಿ ಬೊಂಬಾಯಿ ಮತ್ತು ಪುಣೆಗಳಲ್ಲಿ ಬೆಳೆದವರು. ಅವರ ಅಜ್ಜ, ಮೊದಲನೆಯ ಆಗಾ ಖಾನ್, ಮಜಗಾಂವಿನ ಹಸನಾಬಾದ್ ಗೋರಿಯಲ್ಲಿ ಮಲಗಿದ್ದಾರೆ. ಕುದುರೆಯ ಹುಚ್ಚು ಆ ಮನೆತನದಲ್ಲಿ ಅಜ್ಜನ ಕಾಲದಿಂದ ಬಂದದ್ದು. 1922ರಲ್ಲಿ ಇಂಗ್ಲೆಂಡಿನ ಡಾನ್‌ಕಾಸ್ಟರ್ ಹರಾಜಿನಲ್ಲಿ ಮೂರನೆಯ ಆಗಾ ಖಾನರ ಪರವಾಗಿ ಒಂದು ವರ್ಷದ ಬೂದು ಹೆಣ್ಣುಮರಿಯನ್ನು 9,100 ಗಿನಿಗೆ ಕೊಳ್ಳಲಾಯಿತು. ಅದಕ್ಕೆ ಇಟ್ಟ ಹೆಸರು ಮುಮ್ತಾಜ್ ಮಹಲ್. ಗಾಳಿಗೆ ಸಮನಾಗಿ ಓಡಿದ ಆ ಹೆಣ್ಣು ಬೂದು, ಅದರ ತಂದೆ ಟೆಟ್ರಾರ್ಕ್ ಬೂದು, ಟೆಟ್ರಾರ್ಕಿನ ತಂದೆ ರಾ ಎರೋಡ್ ಕೂಡ ಬೂದು. ಇಲ್ಲಿಂದ ವಂಶ ಕವಲೊಡೆಯಿತು. ಮುಮ್ತಾಜ್ ಮಹಲಳ ಒಬ್ಬ ಮಗಳು ಮಾಹ್ ಮಹಲ್ ಬೂದು. ಅವಳ ಮಗ ಮಹಮೂದ್ ಬೂದು, 1936ರ ಇಂಗ್ಲಿಷ್ ಡರ್ಬಿಯನ್ನು ದಾಖಲೆ ವೇಗದಲ್ಲಿ ಗೆದ್ದವನು. ಇನ್ನೊಬ್ಬ ಮಗಳು ಮುಮ್ತಾಜ್ ಬೇಗಂ ಕಂದು. ಅವಳ ಮಗ ನಸ್ರುಲ್ಲಾ ಕಂದು, ಜಗತ್ತಿನ ರೇಸ್ ಕುದುರೆಗಳ ಮೇಲೆ ಅಳಿಸಲಾಗದ ಮುದ್ರೆ ಒತ್ತಿದ ಬೀಜದ ಕುದುರೆ. ಮಾಹ್ ಮಹಲಳಿಗೂ ಮುಮ್ತಾಜ್ ಬೇಗಮಳಿಗೂ ತಂದೆ ಬೂದಲ್ಲ, ತಾಯಿ ಒಬ್ಬಳೇ. ತಾಯಿಯಿಂದ ನರೆಯ ಗುಣ ಒಬ್ಬಳಿಗೆ ದಾಟಿತು, ಇನ್ನೊಬ್ಬಳಿಗೆ ದಾಟಲಿಲ್ಲ. ಒಬ್ಬರು ಬೂದಾಗಿದ್ದು ಇನ್ನೊಬ್ಬರು ಬೂದಲ್ಲದ ಜೋಡಿಯಲ್ಲಿ ಸಾಮಾನ್ಯವಾಗಿ ಮರಿಗೆ ಇರುವುದು ಹೀಗೆ ಅರ್ಧಕ್ಕರ್ಧ ಸಂಭವ. ನಸ್ರುಲ್ಲಾನ ಮೂಲಕ ಮುಮ್ತಾಜ್ ಮಹಲಳ ವೇಗ ಮುಂದೆ ಹರಿದಿರಬಹುದು, ಬಣ್ಣ ಹರಿಯಲಾರದು.

ಟೆಟ್ರಾರ್ಕಿನ ಮಾತು ಬಂದದ್ದರಿಂದ ಒಂದು ಗಳಿಗೆ ಅಲ್ಲಿ ನಿಲ್ಲಬೇಕು. 1911ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದಾಗ ಅದು ಕೆಂಪು ಮೈಯ ಮೇಲೆ ಅಲ್ಲಲ್ಲಿ ಕಪ್ಪು ತೇಪೆಯಿದ್ದ ಮರಿ. ನರೆಯತೊಡಗಿದಾಗ ಬೂದು ಮೈಮೇಲೆ ಸುಣ್ಣದ ಕೈ ಒತ್ತಿದಂತೆ ದೊಡ್ಡ ದೊಡ್ಡ ಬಿಳಿ ಮಚ್ಚೆಗಳು ಮೂಡಿದವು. ನೋಡಿದವರು ಮಕ್ಕಳ ಮರದ ಕುದುರೆ ಎಂದು ನಕ್ಕರು. 1913ರಲ್ಲಿ ಓಡಿದ ಏಳೂ ಪಂದ್ಯ ಗೆದ್ದ ಮೇಲೆ ‘ಚುಕ್ಕೆಯ ಅದ್ಭುತ’ ಎಂದರು. ಆ ಮಚ್ಚೆಗಳನ್ನು ಕಂಡು ಅದರಲ್ಲಿ ಅಪಲೂಸಾದ ರಕ್ತವಿದೆ ಎಂದುಕೊಂಡರೆ ತಪ್ಪು. ಈ ರೇಸ್ ಕುದುರೆಗಳ ಥರೋಬ್ರೆಡ್ ತಳಿಯಲ್ಲಿ ಅಪಲೂಸಾದ ಚುಕ್ಕೆಯ ಗುಣ ಇಲ್ಲವೇ ಇಲ್ಲ. ಟೆಟ್ರಾರ್ಕಿನದು ನರೆಯ ಹಾದಿಯಲ್ಲೇ ಮೂಡಿದ ವಿಚಿತ್ರ ಚಿತ್ತಾರ. ಕಣ್ಣಿಗೆ ಒಂದೇ ತರ ಕಂಡದ್ದರ ಒಳಗಿನ ಕಾರಣ ಬೇರೆಬೇರೆ ಇರಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಥರೋಬ್ರೆಡ್ಡಿಗೆ ಬೂದು ಬಂದದ್ದು ಪೂರ್ವದ ಕುದುರೆಗಳಿಂದ. ಹದಿನೆಂಟನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನಲ್ಲಿದ್ದ ಆಲ್ಕಾಕ್ ಅರೇಬಿಯನ್ ಎಂಬ ಒಂದೇ ಬೀಜದ ಕುದುರೆಗೆ ಇಂದಿನ ಬಹುಪಾಲು ಬೂದು ರೇಸ್ ಕುದುರೆಗಳ ಎಳೆ ಸೇರುತ್ತದೆ. ಅರಬ್ ಕುದುರೆಗಳಲ್ಲಿ ಬೂದು ತುಂಬ ಹೆಚ್ಚು, ಆ ಅರಬ್ಬುಗಳು ಹಿಂದೂಸ್ತಾನಕ್ಕೆ ಇಳಿಯುತ್ತಿದ್ದ ದೊಡ್ಡ ಬಂದರು ಬೊಂಬಾಯಿ. ಬಸ್ರಾ, ಕುವೈತ್ ಕಡೆಯಿಂದ ಬಂದ ಕುದುರೆಗಳಿಗೆ ಇಲ್ಲಿ ವ್ಯಾಪಾರಿಗಳ ಲಾಯಗಳಿದ್ದವು. ಅಬ್ದುಲ್ ರಹಮಾನ್ ಎಂಬ ಹೆಸರಾಂತ ವ್ಯಾಪಾರಿಯಿಂದ 1877ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಫ್ರೆಡರಿಕ್ ರಾಬರ್ಟ್ಸ್ ಒಂದು ಬೂದು ಅರಬ್ ಗಂಡುಕುದುರೆ ಕೊಂಡ. ವೊನೊಲೆಲ್ ಎಂದು ಹೆಸರಿಟ್ಟ ಆ ಕುದುರೆ 1880ರಲ್ಲಿ ಕಾಬೂಲಿನಿಂದ ಕಂದಹಾರಿನವರೆಗೆ ಅವನನ್ನು ಹೊತ್ತು ನಡೆಯಿತು. ವಿಕ್ಟೋರಿಯಾ ರಾಣಿ ಅದರ ಕೊರಳಿಗೆ ಪದಕ ಕೊಟ್ಟಳು. 1899ರಲ್ಲಿ ಸತ್ತಾಗ ಡಬ್ಲಿನ್ನಿನ ರಾಯಲ್ ಹಾಸ್ಪಿಟಲಿನ ಹೂದೋಟದಲ್ಲಿ ಅದಕ್ಕೆ ಗೋರಿ ಕಟ್ಟಿದರು. ಜಗತ್ತು ನೆನಪಿಟ್ಟುಕೊಂಡದ್ದು ಚಿತ್ರಗಳಲ್ಲಿರುವ ಆ ಬೆಳ್ಳನೆಯ ಮುದುಕ ಕುದುರೆಯನ್ನು. ಬೂದು ಕುದುರೆಯ ಯೌವನದ ಬಣ್ಣ ಅದರ ಕೊನೆಯ ಚಿತ್ರದಲ್ಲಿ ಎಂದೂ ಇರುವುದಿಲ್ಲ. ಬೊಂಬಾಯಿಯಲ್ಲಿ ಆಲ್ಬರ್ಟ್ ಸಸೂನ್ 1879ರಲ್ಲಿ ನಿಲ್ಲಿಸಿದ ಬ್ರಿಟಿಷ್ ಯುವರಾಜನ ಕಂಚಿನ ವಿಗ್ರಹದ ಕುದುರೆ ಮಾತ್ರ ಲೋಹದ ಬಣ್ಣದಿಂದಲೇ ಕಾಳಾ ಘೋಡಾ, ಅಂದರೆ ಕಪ್ಪು ಕುದುರೆ, ಆಯಿತು. 1965ರಲ್ಲಿ ವಿಗ್ರಹ ಭಾಯಖಳಾದ ಪ್ರಾಣಿಸಂಗ್ರಹಾಲಯಕ್ಕೆ ಹೋದರೂ ಹೆಸರು ಬೀದಿಯಲ್ಲೇ ಉಳಿಯಿತು.

ನರೆಯ ಒಳಗುಟ್ಟು ಬಯಲಾದದ್ದು 2008ರಲ್ಲಿ, ಸ್ವೀಡನ್ನಿನ ಉಪ್ಸಾಲಾದ ವಿಜ್ಞಾನಿಗಳ ತಂಡದಿಂದ. ಎಸ್‌ಟಿಎಕ್ಸ್-17 ಎಂಬ ವಂಶವಾಹಿಯೊಳಗೆ ಸುಮಾರು 4,600 ಅಕ್ಷರದಷ್ಟು ಉದ್ದದ ಒಂದು ತುಣುಕು ಬೂದು ಕುದುರೆಗಳಲ್ಲಿ ಎರಡು ಸಲ ಬರೆದಿದೆ, ನಕಲು ಮಾಡುವವನು ಒಂದು ಸಾಲನ್ನು ಮರೆತು ಮತ್ತೆ ಬರೆದಂತೆ. ಅದರಿಂದ ಬಣ್ಣ ತಯಾರಿಸುವ ಜೀವಕೋಶಗಳು ಮಿತಿಮೀರಿ ದುಡಿಯುತ್ತವೆ. ಕೂದಲಿನ ಬುಡದಲ್ಲಿ ಅವುಗಳ ದಾಸ್ತಾನು ಬೇಗ ಬರಿದಾಗುತ್ತದೆ. ಮರಿ ಮಾಮೂಲಿಗಿಂತ ಗಾಢವಾಗಿ ಹುಟ್ಟಿ, ಬೇಗ ಬಿಳಿಯಾಗುವುದು ಇದಕ್ಕೇ. ಹುಟ್ಟಿನ ಮಿರುಗು ಮತ್ತು ಮುಂದಿನ ಬಿಳುಪು ಒಂದೇ ಕಾರಣದ ಎರಡು ಮುಖ. 2024ರಲ್ಲಿ ಇನ್ನೊಂದು ಸಂಗತಿ ಸ್ಪಷ್ಟವಾಯಿತು: ಆ ತುಣುಕು ಎರಡು ಸಲ ಇದ್ದರೆ ಕುದುರೆ ನಿಧಾನಕ್ಕೆ ನರೆಯುತ್ತದೆ, ಮೂರು ಸಲ ಇದ್ದರೆ ಬೇಗ. ಹೀಗೆ ಈಗ ನರೆಯುತ್ತದೆಯೇ ಎಂಬುದರ ಜೊತೆಗೆ ಎಷ್ಟು ಬೇಗ ಎಂಬುದನ್ನೂ ಮೊದಲೇ ಹೇಳಬಹುದು.

ಬೇಗ ನರೆಯುವುದು ಅಂದದ ವಿಷಯ ಮಾತ್ರವಲ್ಲ. ಅದೇ ದುಡಿಮೆ ಚರ್ಮದೊಳಗೆ ಮುಂದುವರಿದು ಬಾಲದ ಕೆಳಗೆ, ಗುದದ ಸುತ್ತ, ತುಟಿಯಲ್ಲಿ ಕಪ್ಪು ಗಂಟುಗಳನ್ನು ಎಬ್ಬಿಸುತ್ತದೆ. 15 ವರ್ಷ ದಾಟಿದ ಬೂದು ಕುದುರೆಗಳಲ್ಲಿ ನೂರಕ್ಕೆ 70ರಿಂದ 80ರಲ್ಲಿ ಈ ಮೆಲನೋಮಾ ಗಂಟುಗಳಿರುತ್ತವೆ. ಬಹಳಷ್ಟು ನಿಧಾನಕ್ಕೆ ಬೆಳೆಯುವಂಥವು, ಕೆಲವು ಕೊಲ್ಲುವಂಥವು. ಬಿಳಿ ಕುದುರೆಯನ್ನು ಮದುವೆಗಾಗಲಿ ಸವಾರಿಗಾಗಲಿ ದುಡಿಸುವವರು ದಿನಕ್ಕೊಮ್ಮೆ ಬಾಲ ಎತ್ತಿ ನೋಡಬೇಕು. ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣ, ಬರಾತಿನ ಕುದುರೆಗೆ ಬಣ್ಣದ ಜೂಲು ಹೊದಿಸುವಷ್ಟು ಅಕ್ಕರೆಯಿಂದ ಅದರ ಚರ್ಮವನ್ನು ಯಾರೂ ನೋಡುವುದಿಲ್ಲ.

ಇನ್ನು ಅಪಲೂಸಾ. ಅಮೆರಿಕದ ವಾಯವ್ಯದ ಪಲೂಸ್ ನದಿಯಿಂದ ಬಂದ ಹೆಸರು. ಅಲ್ಲಿನ ನೆಜ್ ಪರ್ಸ್ ಜನ ಸಾಕಿ ಬೆಳೆಸಿದ ಕುದುರೆಗಳು ಇವು. ವೊನೊಲೆಲ್ ಬೊಂಬಾಯಿಯಲ್ಲಿ ಕೈ ಬದಲಿಸಿದ ಅದೇ 1877ರಲ್ಲಿ ಅಮೆರಿಕದ ಸೈನ್ಯ ನೆಜ್ ಪರ್ಸ್ ಜನರನ್ನು ಬೆನ್ನಟ್ಟಿ ಸೋಲಿಸಿತು, ಅವರ ಕುದುರೆಗಳು ಚೆಲ್ಲಾಪಿಲ್ಲಿಯಾದವು. ಉಳಿದವನ್ನು ಮತ್ತೆ ಕೂಡಿಸಲು 1938ರಲ್ಲಿ ಅಪಲೂಸಾ ಹಾರ್ಸ್ ಕ್ಲಬ್ ಹುಟ್ಟಿತು. ಈ ತಳಿಗೆ ಥರೋಬ್ರೆಡ್, ಕ್ವಾರ್ಟರ್ ಹಾರ್ಸ್, ಅರಬ್ ರಕ್ತವನ್ನು ಬೆರೆಸಲು ಅನುಮತಿಯಿದೆ. ಚುಕ್ಕೆಯಿಲ್ಲದ ಅಪಲೂಸಾ ಮರಿ ಹುಟ್ಟುವುದಕ್ಕೆ ಇದೊಂದು ದೊಡ್ಡ ಕಾರಣ, ಏಕೆಂದರೆ ಬೆರೆಸಿದ ಪಾಲಿನಲ್ಲಿ ಚುಕ್ಕೆಯ ಗುಣವಿಲ್ಲ.

ಚುಕ್ಕೆ ಒಂದೇ ವಂಶವಾಹಿಯ ಕೆಲಸವಲ್ಲ. ನಾನಿದನ್ನು ರಂಗೋಲಿಯ ಹೋಲಿಕೆಯಿಂದ ಅರ್ಥಮಾಡಿಕೊಂಡೆ. ರಂಗೋಲಿಗೆ ಪುಡಿ ಬೇಕು, ಕೈ ಬೇಕು. ಇಲ್ಲಿ ಪುಡಿ ಎಂದರೆ ಎಲ್‌ಪಿ ಎಂದು ಕರೆಯುವ ಗುಣ. ಅದು ಟಿಆರ್‌ಪಿಎಂ-1 ಎಂಬ ವಂಶವಾಹಿಯಲ್ಲಿ ಒಂದು ಹೊರಗಿನ ತುಣುಕು ನುಗ್ಗಿದ್ದರಿಂದ ಆದದ್ದೆಂದು 2013ರಲ್ಲಿ ಖಚಿತವಾಯಿತು. ಈ ಗುಣವಿಲ್ಲದೆ ಯಾವ ಚುಕ್ಕೆಯೂ ಇಲ್ಲ. ಕೈ ಎಂದರೆ ಬಿಳುಪು ಎಷ್ಟು ದೂರ ಹರಡಬೇಕೆಂದು ತೀರ್ಮಾನಿಸುವ ಬೇರೆ ವಂಶವಾಹಿಗಳು. ಅವುಗಳಲ್ಲಿ ಬಲವಾದದ್ದು ಪ್ಯಾಟರ್ನ್-1, 2016ರಲ್ಲಿ ಪತ್ತೆಯಾದದ್ದು. ಪುಡಿಯೂ ಕೈಯೂ ಎರಡೂ ಇದ್ದ ಮರಿ ಹುಟ್ಟುವಾಗಲೇ ಚಿರತೆಯಂತೆ ಚುಕ್ಕೆ ಹೊತ್ತು ಬರುತ್ತದೆ, ಅದರ ಬಗ್ಗೆ ಯಾರಿಗೂ ಪ್ರಶ್ನೆ ಏಳುವುದಿಲ್ಲ. ಕೈ ಇದ್ದು ಪುಡಿ ಇಲ್ಲದ ಮರಿ ಎಂದೆಂದಿಗೂ ಒಂದೇ ಬಣ್ಣ. ಅದರ ತಾಯಿತಂದೆ ಎಷ್ಟು ಚುಕ್ಕೆಯವರಾಗಿದ್ದರೂ ಅಷ್ಟೆ, ಕಾದು ಫಲವಿಲ್ಲ. ಆದರೆ ಅದು ಮುಂದೆ ಎಲ್‌ಪಿ ಇರುವ ಜೊತೆ ಸಿಕ್ಕರೆ ತನ್ನ ಮರಿಗಳಿಗೆ ಆ ಕೈಯನ್ನು ಕೊಡಬಲ್ಲದು. ಪುಡಿ ಇದ್ದು ಕೈ ಇಲ್ಲದ ಮೂರನೆಯ ಮರಿಯೇ ಒಡೆಯನ ನಿದ್ದೆಗೆಡಿಸುವುದು. ಹುಟ್ಟುವಾಗ ಅದು ಎರಡನೆಯದರಂತೆಯೇ ಬರಿಮೈಯಲ್ಲಿರುತ್ತದೆ. ವರ್ಷದಿಂದ ವರ್ಷಕ್ಕೆ ಬಿಳಿ ಕೂದಲು ಬೆರೆತು, ಬೆನ್ನು, ಪಕ್ಕೆ ಮಾಸುತ್ತ ಹೋಗುತ್ತದೆ. ಕೆನ್ನೆಯೆಲುಬು, ಸೊಂಟದ ಮೂಳೆ, ಮಂಡಿಗಳಂತಹ ಎಲುಬು ಎದ್ದ ಜಾಗ ಮಾತ್ರ ಗಾಢವಾಗಿ ಉಳಿಯುತ್ತದೆ. ದೂರದಿಂದ ನೋಡಿದರೆ ಬೂದು ಕುದುರೆಯೇ. ಆದರೆ ನರೆಯುವ ಬೂದು ಕುದುರೆಯ ಮುಖ ಮೊದಲು ಬೆಳ್ಳಗಾಗುತ್ತದೆ, ಇದರ ಮುಖದ ಎಲುಬು ಕಪ್ಪಾಗಿಯೇ ನಿಲ್ಲುತ್ತದೆ.

ಎರಡನೆಯ ಮತ್ತು ಮೂರನೆಯ ಮರಿಯನ್ನು ಬೇರೆ ಮಾಡುವುದು ಹೇಗೆ? ಮತ್ತೆ ಕೂದಲು ಬಿಟ್ಟು ಬೇರೆಲ್ಲ ನೋಡಬೇಕು. ಎಲ್‌ಪಿ ಇದ್ದ ಕುದುರೆಯ ಮೂತಿಯಲ್ಲಿ, ಕಣ್ಣಿನ ಸುತ್ತ, ಬಾಲದ ಕೆಳಗೆ ಗುಲಾಬಿ ಮತ್ತು ಕಪ್ಪು ಬೆರೆತ ಚರ್ಮವಿರುತ್ತದೆ, ಮಳೆಯ ಮೊದಲ ಹನಿ ಬಿದ್ದ ಮಣ್ಣಿನ ಅಂಗಳದಂತೆ. ಹುಟ್ಟುವಾಗ ಇಲ್ಲದಿದ್ದರೂ ತಿಂಗಳುಗಳಲ್ಲಿ ಇದು ಮೂಡಬಹುದು. ಮನುಷ್ಯರಿಗಿರುವಂತೆ ಕಣ್ಣುಗುಡ್ಡೆಯ ಸುತ್ತ ಬಿಳಿ ಕಾಣುವುದು ಇನ್ನೊಂದು ಗುರುತು. ಆದರೆ ಮುಖದ ಮೇಲೆ ದೊಡ್ಡ ಬಿಳಿ ಪಟ್ಟೆಯಿದ್ದರೆ ಬೇರೆ ತಳಿಯಲ್ಲೂ ಹೀಗಾಗುತ್ತದೆ, ಅದೊಂದನ್ನೇ ನೆಚ್ಚುವಂತಿಲ್ಲ. ಗೊರಸಿನ ಮೇಲೆ ನೆಟ್ಟಗೆ ಇಳಿಯುವ ಕಪ್ಪು-ಬಿಳಿ ಗೀರು ಮೂರನೆಯದು. ಇಲ್ಲೂ ಎಚ್ಚರ ಬೇಕು: ಬಿಳಿ ಕಾಲುಚೀಲವಿರುವ ಕಾಲಿನ ಗೊರಸು ಹೇಗಿದ್ದರೂ ಲೆಕ್ಕಕ್ಕಿಲ್ಲ, ಪೂರ್ತಿ ಗಾಢ ಕಾಲಿನ ಗೊರಸಿನಲ್ಲಿ ಗೀರಿದ್ದರೆ ಮಾತ್ರ ಅರ್ಥವಿದೆ. ಹುಟ್ಟಿದ ವಾರ ಗೊರಸಿನ ತುದಿಗೆ ಮೆತ್ತನೆಯ ಪದರವಿರುವುದರಿಂದ ಆಗಲೇ ನೋಡಿ ನಿರ್ಣಯಿಸುವುದೂ ಸರಿಯಲ್ಲ. ಒಂದು ಗುರುತು ಕಂಡರೆ ಸಂಶಯ, ಎರಡು ಮೂರು ಕೂಡಿದರೆ ಭರವಸೆ.

ಬೂದು ಇಲ್ಲಿಗೂ ಬಂದು ಕೈಯಾಡಿಸುತ್ತದೆ. ಚುಕ್ಕೆಯ ಮರಿಗೆ ನರೆಯ ಗುಣವೂ ಸೇರಿದ್ದರೆ ಮೈಯ ಗಾಢ ಭಾಗವೆಲ್ಲ ಬಿಳಿಯಾಗಿ, ಬಿಳಿಯ ಮೇಲೆ ಬಿಳಿ ಚುಕ್ಕೆ ಯಾರಿಗೂ ಕಾಣದೆ ಹೋಗುತ್ತದೆ. ಹಾಗಾಗಿ ಅರಬ್ ರಕ್ತ ಬೆರೆಸುವಾಗ ಚುಕ್ಕೆ ಬಯಸುವವರು ಬೂದು ಅರಬ್ಬನ್ನು ದೂರವಿಡುತ್ತಾರೆ. ಮುಂಬಯಿಯ ಬಂದರಿನಲ್ಲಿ ಎಲ್ಲರ ಕಣ್ಣು ಸೆಳೆಯುತ್ತಿದ್ದ ಬಣ್ಣ ಅಲ್ಲಿ ಚಿತ್ರ ಅಳಿಸುವ ಒರೆಸುಬಟ್ಟೆ.

ಇಂದು ಈ ಊಹೆಗಳನ್ನೆಲ್ಲ ಪರೀಕ್ಷೆಗೆ ಒಡ್ಡಬಹುದು. ಕುತ್ತಿಗೆಯಿಂದಲೋ ಬಾಲದಿಂದಲೋ ಬುಡಸಮೇತ ಕಿತ್ತ ಕೂದಲನ್ನು ಲಕೋಟೆಗೆ ಹಾಕಿ ಪ್ರಯೋಗಾಲಯಕ್ಕೆ ಕಳಿಸಿದರೆ ಸಾಕು, ಎಲ್‌ಪಿ ಎಷ್ಟು ಪ್ರತಿ ಇದೆ, ಪ್ಯಾಟರ್ನ್-1 ಇದೆಯೇ, ನರೆಯ ಗುಣವಿದೆಯೇ ಎಂಬ ಉತ್ತರ ಬರುತ್ತದೆ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಪಶುವೈದ್ಯ ತಳಿಶಾಸ್ತ್ರ ಪ್ರಯೋಗಾಲಯ ಇದಕ್ಕೆ ಹೆಸರಾದದ್ದು. ಎಲ್‌ಪಿಯ ಒಂದೂ ಪ್ರತಿಯಿಲ್ಲವೆಂದು ಬಂದರೆ ಅಲ್ಲಿಗೆ ಮುಗಿಯಿತು, ಆ ಮರಿ ಬಣ್ಣ ಬದಲಿಸದು. ಒಂದು ಪ್ರತಿಯಿದ್ದರೆ ಬದಲಾವಣೆ ಬರುತ್ತದೆ. ಎಷ್ಟು, ಯಾವಾಗ, ಯಾವ ಜಾಗದಲ್ಲಿ ಎಂಬುದನ್ನು ಪ್ರಯೋಗಾಲಯವೂ ಹೇಳದು, ಏಕೆಂದರೆ ರಂಗೋಲಿಯ ಕೈಗಳು ಇನ್ನೂ ಹಲವಿವೆ.

ಎರಡು ಪ್ರತಿಯಿದ್ದರೆ ಬೇರೊಂದು ಸುದ್ದಿಯೂ ಜೊತೆಗೆ ಬರುತ್ತದೆ. ಟಿಆರ್‌ಪಿಎಂ-1 ಕೆಲಸ ಮಾಡುವುದು ಚರ್ಮದಲ್ಲಿ ಮಾತ್ರವಲ್ಲ, ಕಣ್ಣಿನ ಅಕ್ಷಿಪಟಲದಲ್ಲೂ. ಮಂದ ಬೆಳಕಿನ ಸಂಕೇತವನ್ನು ದಾಟಿಸುವ ಕೋಶಗಳಿಗೆ ಅದು ಬೇಕು. ಎರಡೂ ಪ್ರತಿ ಕೆಟ್ಟ ಕುದುರೆಗೆ ಹುಟ್ಟಿನಿಂದಲೇ ರಾತ್ರಿಗುರುಡು. ಹಗಲಿನಲ್ಲಿ ಚೆನ್ನಾಗಿ ಓಡಾಡುವ ಕುದುರೆ ಸಂಜೆಯ ಲಾಯದಲ್ಲಿ ಬೆಚ್ಚಿದರೆ, ಗೋಡೆಗೆ ಹಾಯ್ದರೆ, ಮೊಂಡು ಎಂದು ಹೊಡೆಯುವ ಜನರಿದ್ದಾರೆ. ಅದಕ್ಕೆ ಕಾಣುತ್ತಿಲ್ಲ. ಚುಕ್ಕೆಯ ಪರೀಕ್ಷೆಯಿಂದ ಆಗಬಹುದಾದ ದೊಡ್ಡ ಉಪಕಾರ ನನ್ನ ಮಟ್ಟಿಗೆ ಇದೇ: ಅಂಥ ಕುದುರೆಯ ಲಾಯದಲ್ಲಿ ರಾತ್ರಿ ಒಂದು ದೀಪ ಉರಿಯಲಿ, ಕತ್ತಲಲ್ಲಿ ಯಾರೂ ಅದನ್ನು ಸವಾರಿಗೆ ಒಯ್ಯದಿರಲಿ.

ಇಷ್ಟು ಹಳೆಯ ಕಾಟವಿದ್ದೂ ಚುಕ್ಕೆ ಉಳಿದುಬಂದಿದೆ. ಫ್ರಾನ್ಸಿನ ಪೆಶ್ ಮೆರ್ಲ್ ಗುಹೆಯಲ್ಲಿ ಸುಮಾರು 25,000 ವರ್ಷದ ಹಿಂದೆ ಯಾರೋ ಚುಕ್ಕೆಯ ಕುದುರೆಗಳನ್ನು ಬರೆದರು. ಅದು ಕಲ್ಪನೆಯೆಂದೇ ಬಹಳ ಜನ ನಂಬಿದ್ದರು. 2011ರಲ್ಲಿ 31 ಪ್ರಾಚೀನ ಕುದುರೆಗಳ ಎಲುಬು-ಹಲ್ಲುಗಳ ಡಿಎನ್‌ಎ ಓದಿದಾಗ ಆರರಲ್ಲಿ ಚುಕ್ಕೆಯ ಗುಣ ಸಿಕ್ಕಿತು. ಗುಹೆಯ ಚಿತ್ರಕಾರ ಕಂಡದ್ದನ್ನೇ ಬರೆದಿದ್ದ.

ಕುದುರೆಯ ಮೈ ಓದುವ ವಿದ್ಯೆ ನಮ್ಮಲ್ಲೂ ಹಳೆಯದು. ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ಬಣ್ಣ, ಸುಳಿಗಳ ವಿಚಾರವಿದೆ. ಹದಿನೇಳನೆಯ ಶತಮಾನದ ಮೈಸೂರಿನಲ್ಲಿ ಪದ್ಮಣ ಪಂಡಿತ ಕನ್ನಡದಲ್ಲೇ ‘ಹಯಸಾರ ಸಮುಚ್ಚಯ’ ಬರೆದ. ಮುಖ ಮತ್ತು ನಾಲ್ಕು ಕಾಲು ಬಿಳಿಯಾದ ಪಂಚಕಲ್ಯಾಣಿ ಶುಭವೆಂದು ಇಂದಿಗೂ ಹಳ್ಳಿಗಳಲ್ಲಿ ಹೇಳುತ್ತಾರೆ. ಆ ಹಿರಿಯರ ಕಣ್ಣಿನ ಸೂಕ್ಷ್ಮಕ್ಕೆ ನಾನು ತಲೆಬಾಗುತ್ತೇನೆ. ಆದರೆ ಬಣ್ಣದಿಂದ ಒಡೆಯನ ಭಾಗ್ಯ ಹೇಳುವ ಭಾಗವನ್ನು ಒಪ್ಪಲಾರೆ, ಅದರಿಂದ ಎಷ್ಟೋ ಒಳ್ಳೆಯ ಮರಿಗಳು ಹುಟ್ಟಿದ ವಾರವೇ ಬೇಡವಾದವು. ಅಮೆರಿಕದಲ್ಲೂ ಚುಕ್ಕೆಯಿಲ್ಲದ ಅಪಲೂಸಾ ಮರಿಗೆ ಬೆಲೆ ಕಡಿಮೆ, ಅದೇ ಕಾಲು, ಅದೇ ಎದೆ, ಅದೇ ಸ್ವಭಾವ ಇದ್ದರೂ.

ಆ ಅವಲಕ್ಕಿ ಬಣ್ಣದ ಹೆಣ್ಣುಕುದುರೆ ಓಟ ನಿಲ್ಲಿಸಿ ಸ್ಟಡ್ ಫಾರ್ಮಿಗೆ ಹೋಗಿ ವರ್ಷವಾಯಿತು. ಕಂದು ಗಂಡಿನಿಂದ ಅದಕ್ಕೆ ಮರಿಯಾದಾಗ ಲಾಯದ ಪರಿಚಯದ ಹುಡುಗ ಫೋನಿಗೆ ಫೋಟೋ ಕಳಿಸಿದ. ಹೋಟೆಲಿನ ಹಿರಿಯರ ಮನೆಗೆ ಹೋಗಿ ತೋರಿಸಿದೆ. ಬಿಳಿ ತಾಯಿಯ ಹೊಟ್ಟೆಗೆ ಮೂತಿ ತೂರಿಸಿ ಹಾಲು ಕುಡಿಯುತ್ತಿರುವ ಕಂದು ಮರಿ. ಅವರು ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ಮೊದಲು ಕಾಲು ನೋಡಿದರು, ಗೋಧಿಹುಲ್ಲಿನ ಬಣ್ಣ. ಆಮೇಲೆ ಕಣ್ಣಿನ ಸುತ್ತ ಹುಡುಕಿದರು, ಒಂದೂ ಬಿಳಿ ಎಳೆಯಿರಲಿಲ್ಲ. “ಇದು ತಾಯಿಯ ಹಾಗೆ ಆಗ್ಲಿಕ್ಕಿಲ್ಲ, ಅಪ್ಪನ ಬಣ್ಣ ಉಳೀತದೆ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಹುಟ್ಟುಗೂದಲು ಉದುರಿದ ಮೇಲೆ ಇನ್ನೊಂದು ಫೋಟೋ ತರಿಸಿ, ಕಣ್ಣು ಹತ್ತಿರದಿಂದ ಕಾಣುವ ಹಾಗೆ ತೆಗೆಯಲಿಕ್ಕೆ ಹೇಳಿ ಎಂದರು.